ನೊರೆ

ಬೆಳಕು ಹರಿಯುವ ಮೊದಲು ಆ ಮನೆಯಲ್ಲಿ ಕೇಳಿಬರುವ ಮೊದಲ ಮಾತು "ನೊರೆ ಬಂತಾ?" ಎಂಬುದು.

ಕೇಳುವವನು ಅಪ್ಪ, ಭಟ್ಟಿಯೊಳಗೆ ಸೌದೆ ಒಟ್ಟುತ್ತ. ಉತ್ತರ ಕೊಡುವವಳು ಅಮ್ಮ, ಹಿಟ್ಟಿನ ಮೇಜಿನ ಹತ್ತಿರ ಜಗ್ಗಿನೊಳಗೆ ಬಗ್ಗಿ ನೋಡುತ್ತ. ಉಗುರುಬೆಚ್ಚಗಿನ ನೀರು, ಒಂದಿಷ್ಟು ಸಕ್ಕರೆ, ಅದರ ಮೇಲೆ ಯೀಸ್ಟು. ನೊರೆ ಎದ್ದರೆ ಯೀಸ್ಟಿಗೆ ಜೀವ ಇದೆ, ಬ್ರೆಡ್ಡು ಉಬ್ಬುತ್ತದೆ. ಏಳದಿದ್ದರೆ ಮೋರಿಗೆ ಚೆಲ್ಲಿ ಮತ್ತೆ ಶುರು ಮಾಡಬೇಕು. "ಬಂತು" ಎಂದು ಅಮ್ಮ ಹೇಳಿದ ಮೇಲೆಯೇ ಮೈದಾ ಚೀಲದ ಬಾಯಿ ಬಿಚ್ಚುತ್ತಿದ್ದದ್ದು.

ಮುಂದೆ ಬೇಕರಿಯ ಅಂಗಡಿ, ಅದರ ಹಿಂದೆ ಭಟ್ಟಿ, ಭಟ್ಟಿಯ ಹಿಂದೆ ಮನೆ. ಮನೆಯಲ್ಲಿ ಐದು ಜನ, ಬಚ್ಚಲು ಒಂದೇ. ಬಚ್ಚಲಿಗೂ ಒಂದು ಸರದಿ ಇತ್ತು. ಭಟ್ಟಿ ಹೊತ್ತಿಸುವ ಅಪ್ಪ ಮೊದಲು. ಆಮೇಲೆ ಹಿಟ್ಟು ನಾದುವ ಮಗ. ಆಮೇಲೆ ಕೇಕಿಗೆ ಕ್ರೀಮಿನ ಹೂ ಬಿಡಿಸುವ ಸೊಸೆ, ಆಮೇಲೆ ಕೌಂಟರಿನಲ್ಲಿ ಕೂರುವ ಮಗಳು. ಎಲ್ಲರಿಗಿಂತ ಮೊದಲು ಏಳುವ ಅಮ್ಮ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಎದ್ದ ಕೂಡಲೇ ಜಗ್ಗು ಹಿಡಿದರೆ ಬನ್ನಿನ ಮೊದಲ ಟ್ರೇ ಭಟ್ಟಿಗೆ ಹೋಗುವ ತನಕ ಅವಳಿಗೆ ಪುರುಸೊತ್ತಿರಲಿಲ್ಲ. ಅದನ್ನು ಯಾರೂ ಅವಳಿಗೆ ಹೇಳಿ ಮಾಡಿಸಿದ್ದಲ್ಲ, ಹಾಗೇ ನಡೆದುಕೊಂಡು ಬಂದಿತ್ತು.

ಜಗಳ ಶುರುವಾದದ್ದು ಅಪ್ಪನ ಕಾಲಿನಿಂದ. ಒಂದು ಬೆಳಿಗ್ಗೆ ಭಟ್ಟಿಯಿಂದ ಕೆಂಡ ಸಿಡಿದು ಅವನ ಚಪ್ಪಲಿಯೊಳಗೆ ಬಿತ್ತು. ಅವನು ಅದೇ ಕಾಲಿನ ಮೇಲೆ ನಿಂತು ಉದ್ದ ಹಿಡಿಯ ಹಲಗೆಯಿಂದ ಬ್ರೆಡ್ಡು ಹೊರಗೆಳೆಯುತ್ತಲೇ ಇದ್ದ. ವಾಸನೆ ಬಂದದ್ದು ಮಗಳಿಗೆ. ಮನೆಯಲ್ಲಿ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಮಾತು ಕಮ್ಮಿ, ಕಣ್ಣು ಜಾಸ್ತಿ.

"ಅಪ್ಪ, ಕಾಲು," ಎಂದಳು ಅವಳು.

"ಏನಾಗಿದೆ ಕಾಲಿಗೆ?" ಎಂದು ಅವನು ಬಗ್ಗಿ ನೋಡಿದಾಗ ಹೆಬ್ಬೆರಳ ಪಕ್ಕದ ಚರ್ಮ ಬೆಂದು ಬಿಳಿಚಿಕೊಂಡಿತ್ತು.

ಮಗ ಹಿಟ್ಟಿನ ಕೈಯಲ್ಲೇ ಓಡಿಬಂದ. "ಸುಟ್ಟಿದ್ದು ಗೊತ್ತಾಗ್ಲಿಲ್ವಾ ನಿಮಗೆ?"

"ಗೊತ್ತಾಯ್ತು. ಬ್ರೆಡ್ ಮೊದಲು ತೆಗೀಬೇಕಿತ್ತು."

"ಸುಳ್ಳು ಹೇಳ್ಬೇಡಿ ಅಪ್ಪ."

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಮಾತ್ರೆ ನೆನಪಾದರೆ ನುಂಗುತ್ತಿದ್ದ. "ಸಕ್ಕರೆ ನನಗೆ ಅನ್ನ ಹಾಕಿದೆ, ಅದು ನನ್ನ ಕೈಬಿಡುತ್ತಾ?" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. ಅಂಚು ಮುರಿದ ಕೇಕು, ಒಂದು ಕಡೆ ಕಪ್ಪಾದ ಬಿಸ್ಕತ್ತು ಮನೆಯವರಿಗೇ ಮೀಸಲು. ಅವನೂ ತಿನ್ನುತ್ತಿದ್ದ. ಅವನು ಬಿಟ್ಟದ್ದನ್ನು ಹಾಳಾಗಬಾರದೆಂದು ಅಮ್ಮ ತಿನ್ನುತ್ತಿದ್ದಳು.

ಗಾಯಕ್ಕೆ ಬಟ್ಟೆ ಕಟ್ಟಿಸಲು ಹೋದಾಗ ಡಾಕ್ಟರಮ್ಮ ಅವನ ಪಾದಕ್ಕೆ ಹತ್ತಿ ಸವರಿದರು. "ಗೊತ್ತಾಗ್ತಿದ್ಯಾ?" ಎಂದು ಕೇಳಿದರು. ಅಪ್ಪ ಹೌದೆಂದ. ಹತ್ತಿ ಆಗಲೇ ಅವರ ಕೈಗೆ ವಾಪಸು ಹೋಗಿತ್ತು.

"ನರ ಮಂದ ಆಗಿದೆ. ಕಿಡ್ನಿ ಹೇಗಿದೆ ನೋಡ್ಬೇಕು," ಎಂದರು.

"ಅದಕ್ಕೆ ಕೊಯ್ಯಬೇಕಾ?"

"ಕೊಯ್ಯೋದೂ ಇಲ್ಲ, ಚುಚ್ಚೋದೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೋಗೋ ಮೂತ್ರಾನ ಈ ಬಾಟಲೀಲಿ ತನ್ನಿ, ಸಾಕು. ನೀವು ಹಿಟ್ಟು ಜರಡಿ ಹಿಡಿಯಲ್ವಾ? ಕಿಡ್ನಿನೂ ಒಂದು ಜರಡಿ. ಜರಡಿ ಚೆನ್ನಾಗಿದ್ರೆ ಪ್ರೋಟೀನು ಮೇಲೇ ನಿಲ್ಲುತ್ತೆ. ಹರಿದಿದ್ರೆ ಮೂತ್ರದಲ್ಲಿ ಸೋರುತ್ತೆ. ಆ ಸೋರಿಕೇನ ಅಳೀತಾರೆ, ಅಷ್ಟೆ. ನೋವಾಗಲ್ಲ, ಏನೂ ಇಲ್ಲ."

ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ಮಾತೆತ್ತಿದ. "ಇನ್ನು ಭಟ್ಟಿ ನಾನು ನೋಡ್ಕೋತೀನಿ. ನೀವು ಕೌಂಟರಲ್ಲಿ ಕೂತ್ಕೊಳ್ಳಿ."

"ಕೌಂಟರಲ್ಲಿ ಕೂರೋಕೆ ನಾನೇನು ತೂಕದ ಕಲ್ಲಾ?"

"ಕಾಲು ಸುಟ್ರೂ ಗೊತ್ತಾಗ್ದಿರೋನು ಭಟ್ಟಿ ಮುಂದೆ ನಿಲ್ಲಬಾರದು."

"ನಿನ್ನ ಬ್ರೆಡ್ಡು ನೋಡಿದೀನಲ್ಲ. ಮೇಲೆ ಮದುಮಗ, ಒಳಗೆ ಹಸಿ ಹಿಟ್ಟು."

ಸೊಸೆ ತಟ್ಟೆಗೆ ತರಕಾರಿ ಬಡಿಸುತ್ತ ನಡುವೆ ಬಾಯಿ ಹಾಕಿದಳು. "ಮಾವ, ಹೀಗೆ ಮಾಡೋಣ. ಬಾಟಲಿ ಕೊಡಿ. ಏನೂ ಇಲ್ಲ ಅಂತ ಬಂದ್ರೆ ಭಟ್ಟಿ ನಿಮ್ದು, ನಾವು ಬಾಯ್ಮುಚ್ಕೋತೀವಿ. ಸೋರ್ತಿದೆ ಅಂತ ಬಂದ್ರೆ ಹಲಗೆ ಇವರ ಕೈಗೆ."

ಅಪ್ಪ ತಟ್ಟೆಯಿಂದ ಕೈ ತೆಗೆದ. "ಎಲ್ಲರ ಮುಂದೆ ಹೇಳ್ತಿದೀನಿ. ಆಗ್ಲಿ."

"ಮಾತು ತಪ್ಪಬಾರ್ದು," ಎಂದ ಮಗ.

"ನಲವತ್ತು ವರ್ಷ ಈ ಬೀದಿಗೆ ಬ್ರೆಡ್ ಕೊಟ್ಟಿದೀನಿ. ಮಾತು ತಪ್ಪೋದು ನನಗೆ ಗೊತ್ತಿಲ್ಲ."

ಮಾರನೆಯ ಬೆಳಿಗ್ಗೆ ಅವನು ಬಾಟಲಿ ಹಿಡಿದು ಬಚ್ಚಲಿಗೆ ಹೋದ, ಹಾಗೇ ಖಾಲಿ ಬಾಟಲಿ ಹಿಡಿದು ಹೊರಗೆ ಬಂದ. ಹಿಂದಿನ ಸಂಜೆ ತಿಂದ ಕೇಕಿನ ತುಂಡುಗಳು ನೆನಪಾಗಿದ್ದವು. ಮಗ ಸೊಸೆ ಇನ್ನೂ ಎದ್ದಿರಲಿಲ್ಲ. ಅಮ್ಮ ಜಗ್ಗಿಗೆ ನೀರು ಬಗ್ಗಿಸುತ್ತಿದ್ದಳು.

"ಲೇ, ಬಾ ಇಲ್ಲಿ," ಎಂದು ಪಿಸುಗುಟ್ಟಿದ. "ನೀನು ಇನ್ನೂ ಹೋಗಿಲ್ಲ ಅಲ್ವಾ?"

"ಎಲ್ಲಿಗೆ?"

ಅವನು ಬಾಟಲಿ ಮುಂದೆ ಹಿಡಿದ. ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕುಬಿಟ್ಟಳು. "ಥೂ! ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು."

"ನಗಬೇಡ. ಭಟ್ಟಿ ಹೋದ್ರೆ ನಾನು ಏನು ಮಾಡ್ಲಿ ಹೇಳು? ಬೆಳಿಗ್ಗೆಯಿಂದ ಸಂಜೆವರೆಗೆ ಚಿಲ್ಲರೆ ಎಣಿಸ್ತಾ ಕೂರ್ಲಾ? ನೀನು ಗಟ್ಟಿಗಿತ್ತಿ, ನಿನಗೇನು ರೋಗ ರುಜಿನ?"

ಅಮ್ಮ ಯಾವತ್ತೂ ಯಾವ ಪರೀಕ್ಷೆಯನ್ನೂ ಮಾಡಿಸಿಕೊಂಡವಳಲ್ಲ. ಸೂಜಿ ಎಂದರೆ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಇದರಲ್ಲಿ ಸೂಜಿ ಇರಲಿಲ್ಲ. ಬಾಟಲಿ ಕಿತ್ತುಕೊಂಡು ಒಳಗೆ ಹೋದಳು.

ಹೊರಗೆ ಬಂದಾಗ ಬಾಟಲಿಯ ಕತ್ತಿನ ತನಕ ನೊರೆ ನಿಂತಿತ್ತು.

"ಇದೇನೇ, ಯೀಸ್ಟ್ ಹಾಕಿದೀಯಾ?"

"ಯಾವಾಗ್ಲೂ ಹೀಗೇ. ಬಚ್ಚಲು ತೊಳೆಯೋ ಪುಡಿದು ಇರ್ಬೇಕು."

"ಇರ್ಲಿ ಬಿಡು," ಎಂದ ಅಪ್ಪ ಮುಚ್ಚಳ ತಿರುಗಿಸುತ್ತ. "ನೊರೆ ಬಂದ್ರೆ ಒಳ್ಳೇದೇ. ಜೀವ ಇದೆ ಅಂತ ಅರ್ಥ."

ಇಬ್ಬರೂ ಮಕ್ಕಳ ಹಾಗೆ ಸದ್ದಿಲ್ಲದೆ ನಕ್ಕರು. ಆ ದಿನದ ಬ್ರೆಡ್ಡು ಚೆನ್ನಾಗಿ ಉಬ್ಬಿತು.

ರಿಪೋರ್ಟು ತೋರಿಸಲು ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಜೊತೆಗೆ ಮಗ. ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿದರು.

"ಸೋರ್ತಿದೆ," ಎಂದರು. "ಸ್ವಲ್ಪ ಅಲ್ಲ, ಚೆನ್ನಾಗೇ ಸೋರ್ತಿದೆ."

ಅಪ್ಪ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದ. "ಯಾರ್ದು?" ಎಂದ.

"ಯಾರ್ದು ಅಂದ್ರೆ? ನಿಮ್ದೇ."

ಮಗ ಅವನ ಭುಜದ ಮೇಲೆ ಕೈಯಿಟ್ಟ. ಗೆದ್ದೆನೆಂಬ ಖುಷಿ ಅವನಲ್ಲಿರಲಿಲ್ಲ.

"ಒಂದು ಸಲದ್ದು ನೋಡಿ ತೀರ್ಮಾನ ಮಾಡೋಕಾಗಲ್ಲ," ಎಂದು ಡಾಕ್ಟರಮ್ಮ ಬರೆಯತೊಡಗಿದರು. "ಮತ್ತೆ ನೋಡೋಣ. ಅಲ್ಲಿವರೆಗೆ ಉಪ್ಪು ಕಮ್ಮಿ, ಸಿಹಿ ಬೇಡವೇ ಬೇಡ. ಈ ಮಾತ್ರೆ ರಾತ್ರಿ ಒಂದು. ಬೆಂಕಿ ಮುಂದೆ ನಿಂತು ಬೆವರು ಸುರಿಸೋದು ಸದ್ಯಕ್ಕೆ ನಿಲ್ಲಿಸಿ. ಹಾಗೇ ಕಣ್ಣಿನದೊಂದು ಫೋಟೋ ತೆಗೆಸಿ."

ಅಪ್ಪ ಮನೆಗೆ ಬಂದವನೇ ಗೋಡೆಗೆ ಒರಗಿಸಿದ್ದ ಹಲಗೆ ತೆಗೆದು ಮಗನ ಕೈಗೆ ಕೊಟ್ಟ. ಆಮೇಲೆ ಮೈದಾ ಚೀಲ ಪೇರಿಸಿದ ಕೋಣೆಗೆ ಹೋಗಿ ಅಮ್ಮನನ್ನು ಕರೆದ.

"ಅದು ನಿಂದು," ಎಂದ.

"ಯಾವುದು?"

"ಸೋರ್ತಿರೋ ಜರಡಿ. ಅದು ನಿನ್ನದು ಕಣೇ."

ಅಮ್ಮ ಚೀಲದ ಮೇಲೆ ಕೂತಳು. ಕಾಲಿನ ಬೆರಳುಗಳನ್ನೇ ನೋಡಿಕೊಂಡಳು. ಸಂಜೆಯಾದರೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಗುರುತು ಬಿಡುತ್ತಿತ್ತು. ಅದು ಇಡೀ ದಿನ ನಿಂತದ್ದಕ್ಕೆ ಎಂದುಕೊಂಡಿದ್ದಳು.

"ನಾಳೆನೇ ಹೋಗಿ ಡಾಕ್ಟರಮ್ಮನಿಗೆ ಹೇಳೋಣ," ಎಂದ ಅಪ್ಪ.

"ಏನಂತ? ನನ್ನ ಗಂಡ ನನ್ನ ಉಚ್ಚೆ ಕದ್ದು ತಂದು ಕೊಟ್ಟ ಅಂತಾನಾ? ಸೊಸೆ ಮುಂದೆ ತಲೆ ಎತ್ತಿ ಓಡಾಡ್ತೀರಾ ಆಮೇಲೆ?"

"ಹಾಗಂತ ಸುಮ್ನಿರೋಕಾಗುತ್ತಾ?"

"ಸುಮ್ನಿರಿ. ಕಿಡ್ನಿ ಹೋದಾಗ ನಮ್ಮಕ್ಕನ ತೋಳು ನಾನು ನೋಡಿದೀನಿ. ಸೂಜಿ ಚುಚ್ಚಿ ಚುಚ್ಚಿ ಜರಡಿ ಮಾಡಿದ್ರು. ಆ ರಕ್ತ ತೊಳೆಯೋ ಮಿಷನ್ನಿಗೆ ಕಟ್ಟಿ ಹಾಕಿದ್ರು, ಬಿಚ್ಚಲೇ ಇಲ್ಲ. ನನಗದು ಬೇಡ." ಅವಳು ಎದ್ದು ಹಿಟ್ಟು ಕೊಡವಿಕೊಂಡಳು. "ಮನೇಲಿ ಒಬ್ರು ರೋಗಿ ಸಾಕು. ನೀವೇ ಆಗಿರಿ."

ಮರುದಿನದಿಂದ ಅಪ್ಪ ರೋಗಿಯಾದ. ಸೊಸೆ ಅವನಿಗಾಗಿ ಬೇರೆ ಪಾತ್ರೆಯಲ್ಲಿ ಬೇಳೆ, ತರಕಾರಿ ಬೇಯಿಸತೊಡಗಿದಳು. ಉಪ್ಪು ಚಿಟಿಕೆಯಷ್ಟು. ಉಪ್ಪಿನಕಾಯಿಯ ಜಾಡಿ ಅಟ್ಟ ಹತ್ತಿತು. ಮುರಿದ ಕೇಕುಗಳನ್ನು ಅಂಗಡಿ ಮುಚ್ಚುವ ಮೊದಲೇ ಹಂಚಿಬಿಡುವಂತೆ ಗುಬ್ಬಿಗೆ ಆಜ್ಞೆಯಾಯಿತು.

ಅಪ್ಪ ಕೌಂಟರಿನಲ್ಲಿ ಕೂತು ಎಲ್ಲರ ಜೊತೆ ಜಗಳ ಆಡಿದ. ಭಟ್ಟಿಯ ಕಡೆಗೆ ಕತ್ತು ತಿರುಗಿಸಿ, "ಏನೋ ಅದು ಸುಟ್ಟ ವಾಸನೆ? ರಸ್ಕ್ ಮಾಡ್ತಿದೀಯೋ ಇದ್ದಿಲು ಮಾಡ್ತಿದೀಯೋ?" ಎಂದು ಕೂಗಿದ.

"ನೀವು ಚಿಲ್ಲರೆ ನೋಡ್ಕೊಳ್ಳಿ ಅಪ್ಪ!"

"ಗಿರಾಕಿ ಕಡಿಮೆ ಆದ್ಮೇಲೆ ಚಿಲ್ಲರೆ ಎಲ್ಲಿಂದ ಬರುತ್ತೆ?"

ಮಗನ ಮೊದಲ ವಾರದ ಬ್ರೆಡ್ಡು ನಿಜಕ್ಕೂ ಒಳಗೆ ಹಸಿಯಾಗಿತ್ತು. ಹಳೆಯ ಗಿರಾಕಿಯೊಬ್ಬರು ವಾಪಸು ತಂದುಕೊಟ್ಟಾಗ ಅಪ್ಪ ಮೀಸೆಯಡಿ ನಕ್ಕ. ಮಗನ ಮುಂಗೈ ತುಂಬ ಸುಟ್ಟ ಗುರುತು ಕಂಡಾಗ ಮಾತ್ರ ನಗು ನಿಂತಿತು. "ಕೈ ನೀರಲ್ಲಿ ಅದ್ದಿ ಹಲಗೆ ಹಿಡಿ," ಎಂದು ಯಾರಿಗೋ ಹೇಳುವವನಂತೆ ಹೇಳಿದ.

ಊಟದ ಹೊತ್ತಿಗೆ ಮಾತ್ರ ಅವನು ವಿಚಿತ್ರವಾಗಿ ಆಡುತ್ತಿದ್ದ. ಎಲ್ಲರ ಜೊತೆ ಕೂರಲು ಒಪ್ಪುತ್ತಿರಲಿಲ್ಲ. "ನಿಮ್ಮ ತಟ್ಟೆ ನೋಡಿದ್ರೆ ನನಗೆ ಆಸೆ ಆಗುತ್ತೆ, ಆಮೇಲೆ ತಿಂತೀನಿ," ಎನ್ನುತ್ತಿದ್ದ. ಅಮ್ಮ ಯಾವತ್ತೂ ಕೊನೆಗೇ ಉಣ್ಣುವವಳು. ಹಾಗಾಗಿ ಅಡುಗೆಮನೆಯಲ್ಲಿ ಅವರಿಬ್ಬರೇ ಉಳಿಯುತ್ತಿದ್ದರು. ಅವನು ತನ್ನ ಸಪ್ಪೆ ತಟ್ಟೆಯನ್ನು ಅವಳ ಮುಂದೆ ತಳ್ಳಿ ಅವಳದ್ದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ.

"ತಿನ್ನು."

"ಗಂಟಲಲ್ಲಿ ಇಳಿಯಲ್ಲ ರೀ. ಗೋಡೆ ನೆಕ್ಕಿದ ಹಾಗಿದೆ."

"ಸೂಜಿ ಬೇಡ ಅಂದೆ, ಒಪ್ಪಿದೆ. ಮಿಷನ್ನು ಬೇಡ ಅಂದೆ, ಒಪ್ಪಿದೆ. ಇದನ್ನಾದ್ರೂ ತಿನ್ನು."

ರಾತ್ರಿಯ ಮಾತ್ರೆಯನ್ನು ಅವನು ಮಗನ ಎದುರಿಗೇ ಬಾಯಿಗೆ ಹಾಕಿಕೊಂಡು ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಆಮೇಲೆ ಒರೆಸಿ ಅಮ್ಮನಿಗೆ ಕೊಡುತ್ತಿದ್ದ. ಅಮ್ಮ ಮುಖ ಸಿಂಡರಿಸಿ ನುಂಗುತ್ತಿದ್ದಳು. ಇದರಿಂದ ಅವಳಿಗೆ ಗುಣವಾಗುತ್ತದೆ ಎಂದು ಅವನು ನಂಬಿದ್ದ. ಡಾಕ್ಟರಮ್ಮ ಆ ಮಾತ್ರೆ ಬರೆದದ್ದು ಆ ಬಾಟಲಿಗೆ, ಆ ಬಾಟಲಿ ಇವಳದ್ದು. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಒಂದು ದಿನ ಸೊಸೆ ನೀರಿನ ಚೊಂಬಿಗೆಂದು ಅಡುಗೆಮನೆಗೆ ಬಂದಳು. ಮಾವನ ಮುಂದಿದ್ದ ತಟ್ಟೆಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟಳು.

"ಉಪ್ಪು! ರೀ, ಬನ್ರೀ ಇಲ್ಲಿ!"

ಮಗ ಬಂದ. ಗುಬ್ಬಿ ಬಾಗಿಲಲ್ಲಿ ನಿಂತಳು.

"ನೋಡಿ, ನಿಮ್ಮಪ್ಪನ ಪಥ್ಯ ನೋಡಿ. ನಾನು ಎರಡೆರಡು ಒಲೆ ಹಚ್ಚಿ ಬೇಯಿಸೋದು, ಇವರಿಲ್ಲಿ ತಟ್ಟೆ ಅದಲು ಬದಲು ಮಾಡೋದು. ಅತ್ತೆ, ನೀವೂ ಸೇರ್ಕೊಂಡ್ರಾ? ನಿಮಗೆ ಗಂಡ ಬೇಕೋ ಬೇಡ್ವೋ?"

"ನಾಲಿಗೆ ಬಿಗಿ ಹಿಡಿ," ಎಂದಳು ಅಮ್ಮ.

"ಯಾಕೆ ಹಿಡೀಲಿ? ನಾಳೆ ಇವರಿಗೆ ಏನಾದ್ರೂ ಆದ್ರೆ ಸೊಸೆ ಸರಿಯಾಗಿ ಬೇಯಿಸಿ ಹಾಕ್ಲಿಲ್ಲ ಅಂತಾರೆ. ನಿಮ್ಮನ್ನ ಯಾರೂ ಕೇಳಲ್ಲ."

"ಅಪ್ಪ, ನೀವು ಸಣ್ಣ ಮಗುನಾ?" ಮಗನ ದನಿ ಏರಿತು. "ಕಿಡ್ನಿ ಹೋದ್ರೆ ಅಂಗಡೀಲಿ ಸಿಗಲ್ಲ."

ಅಪ್ಪ ಎಲ್ಲರ ಬೈಗುಳವನ್ನೂ ತಲೆತಗ್ಗಿಸಿ ಕೇಳಿಸಿಕೊಂಡ. ಎದುರು ಮಾತಾಡದ ಅಪ್ಪನನ್ನು ಆ ಮನೆ ಅಂದೇ ಮೊದಲು ನೋಡಿದ್ದು. ಗುಬ್ಬಿ ಮಾತ್ರ ಅಪ್ಪನನ್ನು ನೋಡುತ್ತಿರಲಿಲ್ಲ. ಅಮ್ಮ ಆ ಸಪ್ಪೆ ತಟ್ಟೆಯನ್ನು ಒಂದು ಅಗುಳೂ ಬಿಡದೆ ಖಾಲಿ ಮಾಡಿದ್ದನ್ನು ನೋಡುತ್ತಿದ್ದಳು. ಗಂಡನ ಆಸೆ ತೀರಿಸಲೆಂದು ತಟ್ಟೆ ಬದಲಿಸಿದವರು ಹಾಗೆ ತಿನ್ನುವುದಿಲ್ಲ.

ಕಣ್ಣಿನ ಫೋಟೋ ತೆಗೆಸಲು ಸೊಸೆಯೇ ಮಾವನನ್ನು ಕರೆದುಕೊಂಡು ಹೋದಳು. ಅಲ್ಲೂ ಸೂಜಿಯಿಲ್ಲ, ಕತ್ತರಿಯಿಲ್ಲ. ಗಲ್ಲವನ್ನು ಒಂದು ತಟ್ಟೆಯ ಮೇಲೆ ಇರಿಸಿ, ಮಿಂಚಿನಂಥ ಬೆಳಕು ಹಾಯಿಸಿ ಕಣ್ಣಿನೊಳಗಿನ ರಕ್ತನಾಳಗಳ ಚಿತ್ರ ತೆಗೆದರು. ಚಿತ್ರ ಭಟ್ಟಿಯ ಒಳಗಿನ ಹಾಗೆ ಕೆಂಪಗಿತ್ತು.

ಡಾಕ್ಟರಮ್ಮ ಅದನ್ನೂ ಮೂತ್ರದ ರಿಪೋರ್ಟನ್ನೂ ಅಕ್ಕಪಕ್ಕ ಇಟ್ಟು ಹುಬ್ಬು ಗಂಟಿಕ್ಕಿದರು. "ಕಣ್ಣು ಚೆನ್ನಾಗಿದೆ. ಸಕ್ಕರೆಯಿಂದ ಕಿಡ್ನಿಗೆ ಇಷ್ಟು ಏಟು ಬಿದ್ದಿದ್ರೆ ಸಾಮಾನ್ಯವಾಗಿ ಕಣ್ಣಲ್ಲೂ ಗುರುತು ಕಾಣುತ್ತೆ. ಯಾವಾಗ್ಲೂ ಅಂತಲ್ಲ. ಆದ್ರೂ ನನಗೆ ಹೊಂದ್ತಾ ಇಲ್ಲ. ಇನ್ನೊಂದು ಬಾಟಲಿ ತನ್ನಿ."

ಸೊಸೆ ಮಾವನ ಮುಖ ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಮಾವ," ಎಂದಳು ಬೀದಿಗೆ ಬಂದ ಮೇಲೆ, "ಕಣ್ಣನ್ನ ಯಾರ ಹತ್ರಾನೂ ಕೈಗಡ ತರೋಕಾಗಲ್ಲ ಅಲ್ವಾ?"

"ಏನು ಹಾಗಂದ್ರೆ?"

"ಏನಿಲ್ಲ. ಸುಮ್ನೆ ಅಂದೆ."

ಆ ಸಂಜೆ ಮೈದಾ ಕೋಣೆಯಲ್ಲಿ ಅಮ್ಮನಿಗೆ ಕಣ್ಣಿನ ವಿಷಯ ತಿಳಿಯಿತು. ಅವಳ ಮುಖ ಅರಳಿತು. "ನೋಡಿ, ದಾರಿ ತಾನಾಗೇ ಸಿಕ್ತು. ಈ ಸಲ ನಿಮ್ಮದೇ ಕೊಡಿ. ಚೆನ್ನಾಗಿ ಬರುತ್ತೆ. ಪಥ್ಯದಿಂದ ಗುಣ ಆಯ್ತು ಅಂತಾರೆ. ಭಟ್ಟಿ ನಿಮ್ಮದಾಗುತ್ತೆ, ಮರ್ಯಾದೆ ಉಳಿಯುತ್ತೆ, ಎಲ್ಲ ಮುಗೀತು."

"ನೀನು?"

"ನಾನೇನು? ನನಗೆ ಯಾವ ಬಾಟಲೀನೂ ಇಲ್ಲ. ನಾನು ಕೊಟ್ಟೇ ಇಲ್ಲ."

ಹಾಗೆನ್ನುತ್ತ ಎದ್ದವಳು ಎರಡು ಹೆಜ್ಜೆ ಇಡುವಷ್ಟರಲ್ಲಿ ಗೋಡೆ ಹಿಡಿದುಕೊಂಡಳು. ಕಣ್ಣಿಗೆ ಕತ್ತಲೆ ಕಟ್ಟಿತ್ತು.

"ಏನಾಯ್ತೇ?"

"ಏನಿಲ್ಲ. ಈಚೆಗೆ ಎದ್ರೆ ಹೀಗೆ. ಒಂದು ಗಳಿಗೆ, ಹೋಗುತ್ತೆ."

ಅಪ್ಪನಿಗೆ ಆ ರಾತ್ರಿ ಮಾತ್ರೆಯನ್ನು ಕೆನ್ನೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಹಿತ್ತಲಿಗೆ ಹೋಗಿ ಉಗಿದುಬಂದ.

ಬೆಳಿಗ್ಗೆ ಸರದಿಯಂತೆ ಅವನೇ ಮೊದಲು ಬಚ್ಚಲಿಗೆ ಹೋದ. ಬಾಗಿಲ ಹೊರಗೆ ಮಗ ಸ್ಕೂಟರಿನ ಕೀಲಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಸೊಸೆ, ಕೈ ಕಟ್ಟಿಕೊಂಡು. ಅಮ್ಮ ಹಿಟ್ಟಿನ ಮೇಜಿನ ಅಂಚು ಹಿಡಿದು ಜಗ್ಗು ನೋಡುತ್ತಿದ್ದಳು. ಗುಬ್ಬಿ ಅಮ್ಮನ ಹಿಂದೆ ನಿಂತಿದ್ದಳು, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ.

ಅಪ್ಪ ಹೊರಗೆ ಬಂದ. ಬಾಟಲಿಯಲ್ಲಿ ತಿಳಿಯಾದ ಹಳದಿ. ಒಂದು ಗುಳ್ಳೆಯೂ ಇರಲಿಲ್ಲ.

"ಕೊಡಿ," ಎಂದ ಮಗ.

ಅಪ್ಪ ಬಾಟಲಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿದ. ಆ ಕಡೆಯಿಂದ ಅಮ್ಮ ಕಣ್ಣಲ್ಲೇ ಕೊಡಿ ಎನ್ನುತ್ತಿದ್ದಳು. ಭಟ್ಟಿಯ ಬಾಯಿ ತೆರೆದಿತ್ತು. ಹಲಗೆ ಗೋಡೆಗೆ ಒರಗಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಅವನು ಮುಚ್ಚಳ ತೆಗೆದು ಎಲ್ಲವನ್ನೂ ಮೋರಿಗೆ ಚೆಲ್ಲಿಬಿಟ್ಟ.

"ಅಪ್ಪಾ! ಏನು ಮಾಡಿದ್ರಿ?"

"ಇದು ಬೇಡ. ಇದರಲ್ಲಿ ಏನೂ ಇಲ್ಲ. ಇದ್ದಿದ್ದು ಆವತ್ತಿನದ್ರಲ್ಲಿ." ಅವನು ಖಾಲಿ ಬಾಟಲಿಯಿಂದಲೇ ಅಮ್ಮನ ಕಡೆ ತೋರಿಸಿದ. "ಆವತ್ತಿಂದು ಅವಳದ್ದು."

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಬಾಯಿ ಬಿಟ್ಟೇಬಿಟ್ರಲ್ಲ!" ಅಮ್ಮ ಜಗ್ಗನ್ನು ಮೇಜಿಗೆ ಕುಕ್ಕಿದಳು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಅವಳಿಗೆ. "ಇಷ್ಟು ದಿನ ಮುಚ್ಚಿಟ್ಟಿದ್ದು ಯಾರಿಗೋಸ್ಕರ?"

"ಅಮ್ಮನ ಹತ್ರ ತಗೊಂಡು ಕೊಟ್ರಾ?" ಮಗ ಕೀಲಿಯನ್ನು ಮೇಜಿನ ಮೇಲೆ ಎಸೆದ. "ಒಂದು ಭಟ್ಟಿಗೋಸ್ಕರ? ರಿಪೋರ್ಟ್ ಬಂದ ಮೇಲೂ ಸುಮ್ನಿದ್ರಾ? ನೀವು ಎಂಥ ಮನುಷ್ಯ!"

"ಬಯ್ಯಿ. ಎಷ್ಟು ಬೇಕಾದ್ರೂ ಬಯ್ಯಿ. ಹೆದರಿಕೆ ಆಯ್ತು ಕಣೋ. ಮೊದಲು ಭಟ್ಟಿ ಹೋಗುತ್ತೆ ಅಂತ. ಆಮೇಲೆ ಇವಳು ಹೋಗ್ತಾಳೆ ಅಂತ."

ಸೊಸೆ ಮಾತ್ರ ಬೇರೆಯದನ್ನೇ ಲೆಕ್ಕ ಹಾಕುತ್ತಿದ್ದಳು. "ಹಾಗಾದ್ರೆ ಆ ತಟ್ಟೆ... ಮಾವ, ಮಾತ್ರೆ? ಮಾತ್ರೆ ಯಾರು ತಗೋತಿದ್ರು?"

ಅಪ್ಪ ಅಮ್ಮನ ಕಡೆ ನೋಡಿದ.

"ಅಮ್ಮನೇ," ಎಂದಳು ಗುಬ್ಬಿ. "ನಿನ್ನೆ ಸಂಜೆನೂ ತಲೆ ಸುತ್ತಿ ಅಂಗಡಿ ಮೆಟ್ಟಿಲಲ್ಲಿ ಕೂತ್ಬಿಟ್ರು. ಸೌತೆಕಾಯಿ ಥರ ತಣ್ಣಗಿತ್ತು ಕೈ."

"ಅಯ್ಯೋ ದೇವರೇ. ಅತ್ತೆ, ನಡೀರಿ ಆಸ್ಪತ್ರೆಗೆ, ಈಗಲೇ."

"ನಾನು ಎಲ್ಲೂ ಬರಲ್ಲ. ಸೂಜಿ ಹಿಡ್ಕೊಂಡು ಕಾಯ್ತಿರ್ತಾರೆ ಅಲ್ಲಿ."

ಅಂಗಲಾಚಿದ್ದಾಯಿತು, ಬೈದದ್ದಾಯಿತು. ಅಮ್ಮ ಹಿಟ್ಟಿನ ಮೇಜು ಬಿಟ್ಟು ಕದಲಲಿಲ್ಲ. ಕೊನೆಗೆ ಸೊಸೆ ಮಾವನ ಕೈಯಿಂದ ಬಾಟಲಿ ತೆಗೆದುಕೊಂಡು ಬಿಸಾಡಿ, ಗೂಡಿನಿಂದ ಹೊಸದೊಂದನ್ನು ತಂದು ಅತ್ತೆಯ ಮುಂದೆ ಇಟ್ಟಳು.

"ಸೂಜಿ ಬೇಡ ಅತ್ತೆ. ಇದನ್ನೇ ಕೊಡಿ. ಆವತ್ತು ಕೊಟ್ರಲ್ಲ, ಹಾಗೇ. ಈ ಸಲ ನಿಮ್ಮ ಹೆಸರಲ್ಲಿ ಕೊಡಿ, ಅಷ್ಟೆ."

ಅಮ್ಮ ಬಾಟಲಿ ನೋಡಿದಳು. ಸೊಸೆಯ ಮುಖ ನೋಡಿದಳು. ಯಾವತ್ತೂ ಚುರುಕಾಗಿ ಆಡುವ ಆ ತುಟಿಗಳು ನಡುಗುತ್ತಿದ್ದವು. ಅಮ್ಮ ಬಾಟಲಿ ತೆಗೆದುಕೊಂಡಳು.

ಆ ಬಾಟಲಿ ಅವಳನ್ನು ಕೊನೆಗೆ ಡಾಕ್ಟರಮ್ಮನ ಎದುರಿಗೆ ತಂದು ಕೂರಿಸಿತು. ಕತೆಯೆಲ್ಲ ಕೇಳಿದ ಡಾಕ್ಟರಮ್ಮ ಮೊದಲು ಅಮ್ಮನ ರಕ್ತದೊತ್ತಡ ನೋಡಿದರು, ಆಮೇಲೆ ಅಪ್ಪನ ಕಡೆ ತಿರುಗಿದರು.

"ಮೋಸ ಮಾಡಿದ್ದಕ್ಕೇ ಇವರ ಕಾಯಿಲೆ ಗೊತ್ತಾಯ್ತು ಅಂತ ಒಳಗೊಳಗೇ ಬೀಗಬೇಡಿ. ಬಿಪಿ ಇಳಿಸೋ ನಿಮ್ಮ ಮಾತ್ರೆ ನುಂಗಿ ಇವರು ಭಟ್ಟಿ ಮುಂದೆ ಬಿದ್ದಿದ್ರೆ?"

ಅವರು ಅಮ್ಮನ ಕಡೆ ತಿರುಗಿದರು.

"ಸಕ್ಕರೆ ನೋಡೋಕೆ ಒಂದು ಹನಿ ರಕ್ತ ಬೇಕು ಅಮ್ಮ. ಬೆರಳ ತುದೀಲಿ, ಇರುವೆ ಕಚ್ಚಿದಷ್ಟು. ಮೂತ್ರ ಸೋರಿಕೆ ಹೇಳುತ್ತೆ. ಯಾಕೆ ಸೋರ್ತಿದೆ ಅಂತ ತಿಳಿಯೋಕೆ ಇದು ಬೇಕೇ ಬೇಕು."

ಅಮ್ಮ ಕೈಯನ್ನು ತೊಡೆಯಡಿಗೆ ಸೇರಿಸಿಕೊಂಡಳು. ಅಪ್ಪ ತನ್ನ ಬೆರಳು ಮುಂದೆ ಚಾಚಿದ. "ಮೊದಲು ನನಗೆ ಚುಚ್ಚಿ. ಅವಳು ನೋಡ್ಲಿ."

"ನಿಮಗೆ ಕೆಂಡ ಬಿದ್ರೂ ಗೊತ್ತಾಗಲ್ಲ," ಎಂದಳು ಅಮ್ಮ. "ನಿಮ್ಮನ್ನ ನೋಡಿ ಏನು ಕಲೀಲಿ?" ಆದರೂ ಕೈ ಹೊರಗೆ ಬಂತು. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಹಲ್ಲು ಕಚ್ಚಿದಳು.

ಸಕ್ಕರೆ ಬಹಳ ಹೆಚ್ಚಿತ್ತು. ವರ್ಷಗಳಿಂದ ಇದ್ದಿರಬೇಕು ಎಂದರು ಡಾಕ್ಟರಮ್ಮ.

"ಅಕ್ಕನ ಹಾಗೆ ಆಗುತ್ತಾ ನನಗೂ?"

"ನಿಮ್ಮಕ್ಕನಿಗೆ ಯಾವಾಗ ಗೊತ್ತಾಯ್ತು?"

"ಮೈಯೆಲ್ಲ ಊದ್ಕೊಂಡು, ಉಸಿರು ಕಟ್ಟಿದ ಮೇಲೆ."

"ನೀವು ಅಷ್ಟು ದೂರ ಹೋಗಿಲ್ಲ. ಈಗ ಹಿಡಿದ್ರೆ ನಿಧಾನ ಮಾಡಬಹುದು. ಆಗೇ ಆಗಲ್ಲ ಅಂತ ನಾನು ಹೇಳಲ್ಲ. ನಿಮ್ಮದೇ ಮಾತ್ರೆ, ನಿಮ್ಮದೇ ಪಥ್ಯ. ಆಗಾಗ ಬಾಟಲಿ."

"ನೊರೆ ನೋಡಿದ್ರೆ ಗೊತ್ತಾಗಲ್ವಾ?" ಎಂದು ಅಪ್ಪ ಮೆಲ್ಲಗೆ ಕೇಳಿದ.

"ನೊರೆ ಬರದೇನೂ ಸೋರುತ್ತೆ, ಸೋರದೇನೂ ನೊರೆ ಬರುತ್ತೆ. ನಿಮ್ಮ ಯೀಸ್ಟ್ ಅಲ್ಲ ಇದು. ಬಾಟಲಿ ತನ್ನಿ." ಬಾಗಿಲ ತನಕ ಹೋದವನನ್ನು ಕೂಗಿ ಕರೆದರು. "ನಿಮ್ಮದೂ!"

ಅಪ್ಪನ ಬಾಟಲಿ ಸದ್ಯಕ್ಕೆ ಚೆನ್ನಾಗಿದೆ ಎಂದು ಬಂತು. ಅಂದು ಮಧ್ಯಾಹ್ನ ಮಗ ಏನೂ ಮಾತಾಡದೆ ಹಲಗೆ ತಂದು ಅವನ ಮುಂದೆ ಹಿಡಿದ. ಮಾತು ಮಾತೇ. ಅಪ್ಪ ಅದರ ಹಿಡಿಯ ಮೇಲೆ ಕೈಯಾಡಿಸಿದ. ತನ್ನ ಬೆರಳುಗಳ ಗುಳಿಯ ಪಕ್ಕ ಮಗನ ಬೆರಳುಗಳದ್ದು ಆಗಲೇ ಮೂಡಲು ಶುರುವಾಗಿತ್ತು.

"ನನ್ನ ಕಾಲು ಇನ್ನೂ ಸುಳ್ಳು ಹೇಳ್ತಿದೆ," ಎಂದ. "ನೀನೇ ಇಟ್ಕೋ. ಒಳಗೆ ಬೇಯಿಸೋದು ಮಾತ್ರ ಕಲಿ."

"ನೀವು ಪಕ್ಕದಲ್ಲಿ ನಿಂತು ಹೇಳಿ."

"ಬಯ್ದು ಹೇಳ್ತೀನಿ."

"ಅದು ಗೊತ್ತಿರೋದೇ."

ಅಮ್ಮನ ಯೀಸ್ಟಿನ ಜಗ್ಗನ್ನು ಅಂದಿನಿಂದ ಅಪ್ಪ ವಹಿಸಿಕೊಂಡ. ಈಗ ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಬೇಯುತ್ತದೆ, ಉಪ್ಪು ಬೇಕಾದವರು ಮೇಲೆ ಉದುರಿಸಿಕೊಳ್ಳುತ್ತಾರೆ. ಮಗ ದಿನಾ ಮುಖ ಗಂಟಿಕ್ಕಿಕೊಂಡೇ ಉಣ್ಣುತ್ತಾನೆ. ಅವನು ಅಪ್ಪನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಅಮ್ಮನೂ ಕ್ಷಮಿಸಿಲ್ಲ, ಬಾಯಿ ಬಿಟ್ಟದ್ದಕ್ಕೆ.

ಮಾತ್ರೆ ಶುರುವಾದ ಮೇಲೆ ಮೊದಲ ಬಾಟಲಿ ಕೊಡಬೇಕಾದ ದಿನ ಬಂತು. ಇನ್ನೂ ಕತ್ತಲೆಯಿತ್ತು. ಅಮ್ಮ ಅಭ್ಯಾಸದಂತೆ ಹಿಟ್ಟಿನ ಮೇಜಿನ ಕಡೆ ಹೊರಟಳು. ಸೊಸೆ ಅವಳ ಭುಜ ಹಿಡಿದು ಬಚ್ಚಲಿನ ಕಡೆ ತಿರುಗಿಸಿದಳು.

"ನೀವು ಹೋಗಿ ಅತ್ತೆ, ಮೊದಲು. ನಾವು ಕಾಯ್ತೀವಿ."

"ಭಟ್ಟಿ ಹೊತ್ತಿಸೋರು ಮೊದಲು..."

"ಭಟ್ಟಿ ಕಾಯುತ್ತೆ."

ಬಾಗಿಲು ಮುಚ್ಚಿತು. ಹೊರಗೆ ನಾಲ್ಕು ಜನ ಸಾಲಾಗಿ ನಿಂತರು. ಅಪ್ಪನ ಕೈಯಲ್ಲಿ ಯೀಸ್ಟಿನ ಜಗ್ಗು ಇತ್ತು, ಕೆಳಗಿಡಲು ಮರೆತಿದ್ದ. ಮಗ ಗಂಟಲು ಸರಿಮಾಡಿಕೊಂಡ. ತಡೆಯಲಾರದೆ ಅಪ್ಪ ಬಾಗಿಲಿಗೆ ಬಾಯಿ ಹತ್ತಿರ ತಂದ.

"ನೊರೆ ಬಂತಾ?"

"ಬಾಗಿಲ ಹತ್ರ ನಿಂತ್ಕೊಂಡು ಕೇಳೋ ಮಾತಾ ಅದು?" ಎಂದು ಒಳಗಿನಿಂದ ಬಂತು. "ನೊರೆ ನೋಡ್ಬೇಡಿ ಅಂತ ಅವರು ಹೇಳ್ಲಿಲ್ವಾ?"

"ಆದ್ರೂ ಹೇಳೇ."

ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು. ಅಪ್ಪನ ಕೈಯಲ್ಲಿದ್ದ ಜಗ್ಗಿನಲ್ಲಿ ಯೀಸ್ಟು ಮೆಲ್ಲಗೆ ಮೇಲೇರಿ, ಅಂಚು ದಾಟಿ, ಅವನ ಬೆರಳ ಮೇಲೆ ಇಳಿಯತೊಡಗಿತ್ತು. ಅವನು ನೋಡಲಿಲ್ಲ. ಅವನ ಕಣ್ಣು ಬಾಗಿಲ ಚಿಲಕದ ಮೇಲಿತ್ತು.

ಚಿಲಕ ಸರಿಯಿತು. ಅಮ್ಮ ಬಾಟಲಿಯನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಅಪ್ಪ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಬಾಟಲಿಯನ್ನು ಸೊಸೆಯ ಕೈಗೆ ಕೊಟ್ಟಳು.

"ಲ್ಯಾಬು ತಲುಪೋವರೆಗೆ ನಿಮ್ಮ ಮಾವನ ಕೈಗೆ ಮಾತ್ರ ಸಿಗದ ಹಾಗೆ ನೋಡ್ಕೊ," ಎಂದಳು.